ಬುಟ್ಟಿ ಒಂದೇ ಇರಲಿ, ಹೂವು ಎರಡಿರಲಿ

ಜನವರಿ ತಿಂಗಳಲ್ಲಿ ಯಾದಗಿರಿ, ಶಹಾಪುರ, ಸುರಪುರದ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ನೋಡ್ರಿ. ಅಲ್ಲಲ್ಲಿ ಮನೆ ಮುಂದೆ ಪಿಟೂನಿಯಾ ತುಂಬಿದ ತೂಗುಬುಟ್ಟಿಗಳು ಕಾಣುತ್ತವೆ. ಅದೇ ಓಣಿಯಲ್ಲಿ ಏಪ್ರಿಲ್ ಕೊನೆಗೆ ಮತ್ತೊಂದು ಸುತ್ತು ಹಾಕಿ. ಬುಟ್ಟಿ ಅಲ್ಲೇ ತೂಗಾಡುತ್ತಿರುತ್ತೆ. ಒಳಗೆ ಒಣಗಿದ ಕಡ್ಡಿ, ಸುತ್ತ ಬಿರುಕು ಬಿಟ್ಟ ಮಣ್ಣು. ಮನೆಯವರನ್ನು ಕೇಳಿದ್ರೆ ಬರೋ ಉತ್ತರ ಒಂದೇ: "ನಮ್ಮ ಬಿಸಲಿಗೆ ಹೂವಿನ ಬುಟ್ಟಿ ಆಗಂಗಿಲ್ರೀ."

ಈ ಮಾತನ್ನು ನಾನು ಒಪ್ಪಲ್ಲ. ನಮ್ಮ ಬಿಸಿಲಿಗೆ ಹೂವಿನ ಬುಟ್ಟಿ ಚೆನ್ನಾಗಿಯೇ ಆಗುತ್ತೆ. ವರ್ಷವಿಡೀ ಒಂದೇ ಗಿಡ ಇಟ್ಟುಕೊಂಡು ಹೂ ಬಿಡಬೇಕು ಅಂದ್ರೆ ಮಾತ್ರ ಆಗಲ್ಲ. ನಮ್ಮ ಮೂರೂ ತಾಲ್ಲೂಕಿನಲ್ಲಿ ಒಂದು ಬುಟ್ಟಿಗೆ ವರ್ಷಕ್ಕೆ ಎರಡು ಗಿಡ ಬೇಕು, ಚಳಿಗೆ ಒಂದು, ಬಿಸಿಲಿಗೆ ಒಂದು. ಇದನ್ನು ಕೊಳ್ಳುವವರಿಗಿಂತ ಮೊದಲು ಬೆಳೆದು ಮಾರುವವರು ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿಕೊಂಡವರಿಗೆ ಇದು ಸಣ್ಣದಾದ್ರೂ ನಂಬಿಕೆಯ ಆದಾಯ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಇದು ಶೋಕಿ ಅಲ್ವಾ?

ಹತ್ತಿ, ತೊಗರಿ, ಭತ್ತ, ಮೆಣಸಿನಕಾಯಿ ಬೆಳೆಯುವ ಜಿಲ್ಲೆಯಲ್ಲಿ ತೂಗುಬುಟ್ಟಿಯ ಮಾತು ಯಾಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತೂಗುಬುಟ್ಟಿ ಬೆಳೆದು ಯಾರೂ ಸಾಲ ತೀರಿಸಲ್ಲ, ಬೇಸಿಗೆಯಲ್ಲಿ ಬೆಂಗಳೂರು, ಮುಂಬೈ, ಪುಣೆಗೆ ಹೋಗುವ ಗುಳೆ ಇದರಿಂದ ನಿಲ್ಲಲ್ಲ. ಹಾಗಂತ ಹೇಳುವ ವಿಡಿಯೋ ಕಂಡ್ರೆ ಮುಂದಕ್ಕೆ ತಳ್ಳಿಬಿಡ್ರಿ.

ಆದ್ರೆ ಇನ್ನೊಂದು ಲೆಕ್ಕ ಇದೆ. 10 ಅಡಿಗೆ 10 ಅಡಿ ಜಾಗ, ಮೇಲೆ ಒಂದು ಶೇಡ್ ನೆಟ್, ದಿನಕ್ಕೆ ಒಂದು ತಾಸು ಕೆಲಸ. ಹೊಲ ಇಲ್ಲದವರಿಗೂ ಹಿತ್ತಲಲ್ಲೇ ಆಗುತ್ತೆ. ಮನೆಯಲ್ಲಿರುವ ಅಕ್ಕ-ತಂಗಿ, ತಾಯಿ, ಕಾಲೇಜಿಗೆ ಹೋಗುವ ತಮ್ಮ ಯಾರು ಬೇಕಾದ್ರೂ ಮಾಡಬಹುದು. ಕೊಳ್ಳುವವರು ನಮ್ಮ ಊರಲ್ಲೇ ಇದ್ದಾರೆ: ಹೊಸ ಮನೆ ಕಟ್ಟಿದವರು, ಹೋಟೆಲ್, ಶಾಲೆ, ಆಸ್ಪತ್ರೆ, ಬ್ಯಾಂಕು. 2009ರ ಕೊನೆಗೆ ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ಜಿಲ್ಲೆಯಾದ ಮೇಲೆ ಇಲ್ಲಿ ಕಚೇರಿಗಳೂ ಬಡಾವಣೆಗಳೂ ಬೆಳೆದಿವೆ. ಅವರು ಇವತ್ತು ಕೊಳ್ಳುವ ಗಿಡ ಎಲ್ಲಿಂದ ಬರುತ್ತೆ? ಹೆಚ್ಚಿನದು ಲಾರಿಯಲ್ಲಿ, ಬೇರೆ ಊರಿನ ನರ್ಸರಿಗಳಿಂದ.

ಇನ್ನು ತೂಗುಹಾಕುವುದು ನಮಗೆ ಹೊಸದೂ ಅಲ್ಲ. ಬೆಕ್ಕಿನ ಬಾಯಿಗೆ ಹಾಲು, ಬೆಣ್ಣೆ ಸಿಗಬಾರದು ಅಂತ ನಮ್ಮ ಅಜ್ಜಿಯರು ಜಂತಿಗೆ ನೆಲುವು ಕಟ್ಟುತ್ತಿದ್ದರು. ಭಾರ ಹೊರುವ ಹಗ್ಗ ಹೇಗಿರಬೇಕು, ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಈಗ ಗಡಿಗೆಯ ಜಾಗದಲ್ಲಿ ಗಿಡ ಇದೆ, ಅಷ್ಟೇ.

ಬೆಂಗಳೂರಿನ ಕ್ಯಾಲೆಂಡರ್ ನಮ್ಮದಲ್ಲ

ಫೋನಿನಲ್ಲಿ ಕಾಣುವ ತೂಗುಬುಟ್ಟಿಯ ವಿಡಿಯೋಗಳಲ್ಲಿ ಬಹುಪಾಲು ಬೆಂಗಳೂರು, ಕೇರಳ, ಪುಣೆ ಕಡೆಯವು. ಅವರು ಹೇಳೋದು ಸುಳ್ಳಲ್ಲ, ಅವರ ಊರಿಗೆ ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಊಟಿ 2,200 ಮೀಟರ್ ದಾಟಿದೆ. ಯಾದಗಿರಿ 400 ಮೀಟರ್ ಕೂಡ ಇಲ್ಲ. ಬೆಂಗಳೂರಲ್ಲಿ 38 ಡಿಗ್ರಿ ಆದ್ರೆ ಟಿವಿಯಲ್ಲಿ ಸುದ್ದಿ. ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಆದ್ರೂ "ಇವತ್ತು ಸ್ವಲ್ಪ ಝಳ" ಅಂತೀವಿ.

ಇದರ ಜೊತೆಗೆ ನಮ್ಮ ಊರುಗಳ ಸ್ವಭಾವ ನೋಡ್ರಿ. ಯಾದಗಿರಿ ಕೋಟೆ ಗುಡ್ಡ, ಶಹಾಪುರದ ಬುದ್ಧ ಮಲಗಿದಂತೆ ಕಾಣುವ ಗುಡ್ಡ, ಸುರಪುರದ ಸುತ್ತಲಿನ ಬಂಡೆಗಳು. ಮೂರೂ ಊರು ಕಲ್ಲುಗುಡ್ಡದ ಮಗ್ಗುಲಲ್ಲೇ ಇವೆ. ಮನೆಗೂ ಶಹಾಬಾದ್ ಕಲ್ಲು, ಫರಸಿ. ಹಗಲು ಕುಡಿದ ಬಿಸಿಯನ್ನು ಕಲ್ಲು ರಾತ್ರಿ ಹೊತ್ತು ಹೊರಗೆ ಬಿಡುತ್ತೆ. ಪಿಟೂನಿಯಾದಂಥ ಗಿಡಕ್ಕೆ ಹಗಲಿನ ಬಿಸಿಲಿಗಿಂತ ಈ ತಣಿಯದ ರಾತ್ರಿಯೇ ಹೆಚ್ಚು ಕಷ್ಟ. ಪಡುವಣ ಗೋಡೆಗೆ ಬುಟ್ಟಿ ತೂಗುಹಾಕಿದ್ರಂತೂ ರಾತ್ರಿ 10 ಗಂಟೆಗೂ ಗೋಡೆ ಮುಟ್ಟಿದ್ರೆ ಕೈ ಬಿಸಿಯಾಗುತ್ತೆ.

ವಿಚಿತ್ರ ಅಂದ್ರೆ ಈ ವಿಷಯ ತೋಟಗಾರಿಕೆಯಲ್ಲಿ ಹೊಸದಲ್ಲ. ಪದವಿ ಓದುವಾಗ ಪುಷ್ಪಕೃಷಿ ಪುಸ್ತಕದಲ್ಲಿ ವಾರ್ಷಿಕ ಹೂಗಳನ್ನು ಮೂರು ಗುಂಪು ಮಾಡಿಯೇ ಕಲಿಸುತ್ತಾರೆ: ಚಳಿಗಾಲದವು, ಬೇಸಿಗೆಯವು, ಮಳೆಗಾಲದವು. ಪಿಟೂನಿಯಾ, ವರ್ಬಿನಾ, ನಸ್ಟರ್ಷಿಯಂ ಚಳಿಗಾಲದ ಪಟ್ಟಿಯಲ್ಲಿವೆ. ಪೋರ್ಚುಲಾಕ ಬೇಸಿಗೆ ಪಟ್ಟಿಯಲ್ಲಿದೆ. ಮಾರುಕಟ್ಟೆಗೆ ಬಂದ ಮೇಲೆ ಈ ಪಟ್ಟಿಯನ್ನೇ ಮರೆತುಬಿಡುತ್ತೀವಿ. ಮಾರ್ಚ್‌ನಲ್ಲಿ ಬಂದ ಗಿರಾಕಿಗೂ ಹೂ ತುಂಬಿದ ಪಿಟೂನಿಯಾ ಕೊಟ್ಟು ಕಳಿಸುತ್ತೀವಿ.

ಲಾರಿಯಲ್ಲಿ ಬಂದ ಗಿಡದ ಕಥೆ ಇನ್ನೂ ಒಂದಿದೆ. ಅದು ಪಾಲಿಹೌಸ್‌ನ ನೆರಳಲ್ಲಿ, ದಿನಾ ಅಳತೆಯ ನೀರು-ಗೊಬ್ಬರ ಕುಡಿದು ಬೆಳೆದದ್ದು. ಗಿಡ ಗಿಡ್ಡವಾಗಿ, ದಟ್ಟವಾಗಿ ಕಾಣಲಿ ಅಂತ ಬೆಳವಣಿಗೆ ತಡೆಯುವ ಔಷಧ ಹೊಡೆಯುವ ರೂಢಿಯೂ ದೊಡ್ಡ ನರ್ಸರಿಗಳಲ್ಲಿ ಇದೆ. ಆ ಔಷಧದ ಕಸು ಇಳಿದ ಮೇಲೆ ಗಿಡ ಉದ್ದುದ್ದ ಎಳೆದುಕೊಳ್ಳುತ್ತೆ. ನಮ್ಮ ಅಂಗಳಕ್ಕೆ ಬಂದ ಮೊದಲ ವಾರವೇ ಅದಕ್ಕೆ ಬಿಸಿಗಾಳಿ, ಬೋರಿನ ಗಡಸು ನೀರು ಎರಡೂ ಒಟ್ಟಿಗೆ. ಇಲ್ಲೇ ಬೆಳೆದ ಸಸಿ ನೋಡೋಕೆ ಅಷ್ಟು ಮಿರಿಮಿರಿ ಇರಲಿಕ್ಕಿಲ್ಲ, ಆದ್ರೆ ನಮ್ಮ ಗಾಳಿ, ನಮ್ಮ ನೀರು ಅದಕ್ಕೆ ಮೊದಲೇ ಪರಿಚಯ.

ಚಳಿಗಾಲದ ಬುಟ್ಟಿ: ದೀಪಾವಳಿಯಿಂದ ಹೋಳಿಯವರೆಗೆ

ತಾರೀಖಿಗಿಂತ ಹಬ್ಬದ ಲೆಕ್ಕ ನೆನಪಿಗೆ ಸುಲಭ. ಪಿಟೂನಿಯಾಕ್ಕೆ ನಾನು ಹಾಕಿಕೊಂಡ ಲೆಕ್ಕ ಹೀಗಿದೆ. ಗಣೇಶನ ಹಬ್ಬದ ಹೊತ್ತಿಗೆ ಬೀಜ, ದಸರಾ ಮುಗಿದ ಮೇಲೆ ಸಸಿ ಸಣ್ಣ ಕುಂಡಕ್ಕೆ, ದೀಪಾವಳಿ ಹೊತ್ತಿಗೆ ಬುಟ್ಟಿಗೆ. ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆ ನಡೆಯುವಾಗ ಬುಟ್ಟಿ ತುಂಬಿ ಇಳಿದಿರಬೇಕು.

ಪಿಟೂನಿಯಾ ಬೀಜ ರಾಗಿಗಿಂತಲೂ ಬಹಳ ಸಣ್ಣದು. ಒಂದು ಗ್ರಾಮಿಗೆ ಸುಮಾರು 10,000 ಬೀಜ. ಹಾಗಾಗಿ ಮಣ್ಣಿನಲ್ಲಿ ಹೂಳಬೇಡ್ರಿ. ಒದ್ದೆ ಕೋಕೋಪೀಟ್ ಮೇಲೆ ಉದುರಿಸಿ, ಮೊಳಕೆಗೆ ಬೆಳಕು ಬೇಕು. ಮೇಲಿಂದ ನೀರು ಹೊಯ್ದರೆ ಬೀಜ ತೇಲಿ ಮೂಲೆಗೆ ಸೇರುತ್ತೆ, ಆದ್ದರಿಂದ ಟ್ರೇಯನ್ನು ನೀರಿನ ಪರಾತದಲ್ಲಿಟ್ಟು ಕೆಳಗಿನಿಂದ ಕುಡಿಸಿ. ಮೇಲೆ ಪಾರದರ್ಶಕ ಹಾಳೆ ಮುಚ್ಚಿದ್ರೆ ಒಂದರಿಂದ ಎರಡು ವಾರದಲ್ಲಿ ಮೊಳಕೆ ಕಾಣುತ್ತೆ. ಸೆಪ್ಟೆಂಬರ್ ಮಳೆ ನೇರವಾಗಿ ಬೀಳದ ಜಾಗ ಇರಲಿ.

ಬೀಜ ಕೊಳ್ಳುವಾಗ ಹಬ್ಬುವ ಜಾತಿ ಬೇಕು ಅಂತ ಬಾಯಿಬಿಟ್ಟು ಕೇಳಿ. ದೊಡ್ಡ ಹೂವಿನ ಸಾಮಾನ್ಯ ಪಿಟೂನಿಯಾ ನೆಟ್ಟಗೆ ಬೆಳೆದು ಬಾಗುತ್ತೆ, ಬುಟ್ಟಿಯಿಂದ ಜಾಲರಿಯಂತೆ ಇಳಿಯಲ್ಲ. ಅಮೆರಿಕದಲ್ಲಿ 1995ರಲ್ಲಿ ಪರ್ಪಲ್ ವೇವ್ ಅನ್ನೋ ತಳಿಗೆ ಪ್ರಶಸ್ತಿ ಬಂದ ಮೇಲೆ ಬೀಜದಿಂದಲೇ ಬೆಳೆಯುವ ಹಬ್ಬುವ ಪಿಟೂನಿಯಾ ಎಲ್ಲ ಕಡೆ ಹೆಸರಾಯಿತು. ಇಂಥವು ಹೈಬ್ರಿಡ್. ನಿಮ್ಮ ಗಿಡದ ಬೀಜ ಹಿಡಿದು ಮುಂದಿನ ವರ್ಷ ಬಿತ್ತಿದ್ರೆ ತಾಯಿ ಗುಣ ಬರಲ್ಲ.

12 ಇಂಚಿನ ಬುಟ್ಟಿಗೆ 4 ಸಸಿ ಸಾಕು. ನಾಲ್ಕೈದು ಇಂಚು ಬೆಳೆದಾಗ ಪ್ರತಿ ಸಸಿಯ ತುದಿ ಚಿವುಟಿ. ಮೊದಲ ಹೂವು ತಡ ಆಗುತ್ತೆ ಅಂತ ಕೈ ಹಿಂದೆ ತೆಗೆಯಬೇಡ್ರಿ. ಚಿವುಟಿದ ಕಡೆ ಎರಡು ಕವಲು, ಎರಡಕ್ಕೆ ನಾಲ್ಕು. ಚಿವುಟದ ಗಿಡದಲ್ಲಿ ತುದಿಯಲ್ಲಿ ಮಾತ್ರ ಹೂ, ನಡುವೆ ಬೋಳು ಬಳ್ಳಿ. ಜನವರಿ ಕೊನೆಗೆ ಬಳ್ಳಿ ಬೋಳಾಗತೊಡಗಿದ್ರೆ ಮೂರನೇ ಒಂದು ಭಾಗ ಕತ್ತರಿಸಿ. ಎರಡು-ಮೂರು ವಾರದಲ್ಲಿ ಹೊಳ್ಳಿ ತುಂಬಿಕೊಳ್ಳುತ್ತೆ.

ಹೋಳಿ ಹುಣ್ಣಿಮೆಗೆ ಆ ಗಿಡದ ಆಯುಷ್ಯ ಮುಗಿಯಿತು ಅಂತ ತಿಳಿಯಿರಿ. ಇನ್ನೂ ನಾಲ್ಕು ಹೂ ಇದೆ ಅಂತ ಏಪ್ರಿಲ್‌ವರೆಗೆ ಎಳೆದ್ರೆ ಹಿಟ್ಟು ತಿಗಣೆಗೆ ಮನೆ ಮಾಡಿಕೊಟ್ಟಂತೆ. ಹೋಳಿಯಿಂದ ಯುಗಾದಿಯೊಳಗೆ ಗಿಡ ಬದಲಿಸಿ.

ಬೇಸಿಗೆಯ ಬುಟ್ಟಿ: ಯುಗಾದಿಯ ಟೇಬಲ್ ರೋಸ್

ಟೇಬಲ್ ರೋಸ್, ಹತ್ತು ಗಂಟೆ ಹೂವು ಅಂತ ಕರೆಯುವ ಪೋರ್ಚುಲಾಕ ನಮ್ಮ ಜಿಲ್ಲೆಗೇ ಹೇಳಿ ಮಾಡಿಸಿದ ಗಿಡ. ಹೊಲದಲ್ಲಿ ಕಳೆಯಾಗಿ ಬೆಳೆಯುವ, ಪಲ್ಯಕ್ಕೂ ಬಳಸುವ ಗೋಣಿ ಸೊಪ್ಪು ಇದರ ಬಳಗದ್ದೇ. ದಪ್ಪ ಎಲೆ, ದಪ್ಪ ಕಾಂಡದಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತೆ. ಬಿಸಿಲು ಬಿದ್ದರೆ ಮಾತ್ರ ಹೂ ಅರಳುತ್ತೆ, ನೆರಳಲ್ಲಿಟ್ಟರೆ ಮುನಿಸಿಕೊಂಡಂತೆ ಮುಚ್ಚಿಕೊಂಡಿರುತ್ತೆ. ಕನಿಷ್ಠ 6 ತಾಸು ನೇರ ಬಿಸಿಲು ಬೇಕು.

ಇದಕ್ಕೆ ಬೀಜದ ಖರ್ಚು ಇಲ್ಲ. ಎರಡು-ಮೂರು ಇಂಚಿನ ಕಡ್ಡಿ ಮುರಿದು ಚುಚ್ಚಿದ್ರೆ ಬೇರು ಬಿಡುತ್ತೆ. ಶಿವರಾತ್ರಿ ಹೊತ್ತಿಗೆ ಒಂದು ಬುಟ್ಟಿಗೆ 12ರಿಂದ 15 ಕಡ್ಡಿ ಅಂಚಿನ ಸುತ್ತಲೂ ಹಚ್ಚಿ, ನಡುವೆ ನಾಲ್ಕು. ನಾಲ್ಕೈದು ವಾರಕ್ಕೆ, ಅಂದ್ರೆ ಯುಗಾದಿಗೆ, ಅಂಚಿನಿಂದ ಇಳಿಯೋಕೆ ಶುರು. ಐದು ಬಣ್ಣ ಒಂದೇ ಬುಟ್ಟಿಗೆ ತುಂಬಬೇಡ್ರಿ. ಜೋರಾಗಿ ಬೆಳೆಯುವ ಬಣ್ಣ ಉಳಿದವನ್ನು ತಿಂದುಬಿಡುತ್ತೆ. ಒಂದು ಬುಟ್ಟಿಗೆ ಒಂದು, ಹೆಚ್ಚೆಂದ್ರೆ ಎರಡು ಬಣ್ಣ.

ಟೇಬಲ್ ರೋಸ್ ಹೂ ಮಧ್ಯಾಹ್ನ ಕಳೆದ ಮೇಲೆ ಮುಚ್ಚುತ್ತೆ ಅನ್ನೋದು ಗಿರಾಕಿಗಳ ದೊಡ್ಡ ತಕರಾರು. ಸಂಜೆ ಮನೆಗೆ ಬರುವ ನೌಕರರಿಗೆ ಹೂವೇ ಕಾಣಲ್ಲ. ಅಂಥವರಿಗೆ ಬೇರೆ ಗಿಡಗಳಿವೆ. ಹಬ್ಬುವ ನಿತ್ಯಪುಷ್ಪ ದಿನವಿಡೀ ಅರಳಿರುತ್ತೆ. ಆದ್ರೆ ಅಂಗಳದಲ್ಲಿರುವ ಹಳೆಯ ನಿತ್ಯಪುಷ್ಪ ನೆಟ್ಟಗೆ ನಿಲ್ಲುವ ಜಾತಿ, ಬುಟ್ಟಿಯಿಂದ ಇಳಿಯಲ್ಲ. ಹಬ್ಬುವ ತಳಿಯನ್ನೇ ಕೇಳಿ ತರಬೇಕು. ಅದಕ್ಕೆ ಬಿಸಿಲು ಶತ್ರು ಅಲ್ಲ, ಹೆಚ್ಚು ನೀರು ಶತ್ರು. ಬುಡ ಸದಾ ಒದ್ದೆ ಇದ್ರೆ ಕೊಳೆ ರೋಗ ಬಂದು ಎರಡು ದಿನದಲ್ಲಿ ಗಿಡ ಬಾಡುತ್ತೆ. ಇನ್ನೊಂದು, ನೇರಳೆ ಹೂವಿನ ಹಬ್ಬುವ ಲಂಟಾನ. ಇದು ಒರಟು ಗಿಡ, ಬಿಸಿಗಾಳಿಗೆ ಜಗ್ಗಲ್ಲ. ಆದ್ರೆ ಲಂಟಾನ ಜಾತಿ ಜಾನುವಾರಿಗೆ ವಿಷ, ಆಡು-ಕುರಿ ಬಾಯಿಗೆ ಎಟುಕದ ಹಾಗೆ ತೂಗುಹಾಕಿ.

ಮಳೆಗಾಲಕ್ಕೆ ಬೇರೆ ಗಿಡ ಬೇಕೇಬೇಕು ಅಂತಿಲ್ಲ. ನಮ್ಮಲ್ಲಿ ಮಳೆ ಬಿಟ್ಟುಬಿಟ್ಟು ಬರುತ್ತೆ, ನೀರು ಬಸಿಯುವ ಬುಟ್ಟಿಯಲ್ಲಿ ಬೇಸಿಗೆ ಗಿಡವೇ ದಸರಾವರೆಗೆ ನಡೆಯುತ್ತೆ. ಜೂನ್ ಮೊದಲ ಮಳೆಗೆ ಅರ್ಧಕ್ಕೆ ಕತ್ತರಿಸಿ, ಕತ್ತರಿಸಿದ ಕಡ್ಡಿಯನ್ನೇ ಹೊಸ ಬುಟ್ಟಿಗೆ ಹಚ್ಚಿ. ನೀಲಿ ಹೂವು ಬೇಕು ಅನ್ನುವವರಿಗೆ ನಮ್ಮ ವಿಷ್ಣುಕ್ರಾಂತಿಯ ಬಳಗದ, ಬ್ರೆಜಿಲ್ ಮೂಲದ ಇವಾಲ್ವುಲಸ್ ಚೆನ್ನಾಗಿ ಬರುತ್ತೆ.

ಫ್ಯೂಷಿಯಾ, ಲೊಬಿಲಿಯಾ, ಐವಿ ಜಿರೇನಿಯಂ, ಇಳಿಬಿಡುವ ಬಿಗೋನಿಯಾ ಇವನ್ನೆಲ್ಲ ಊಟಿಯಲ್ಲಿ ನೋಡಿ ಖುಷಿಪಡೋಣ. ಇಲ್ಲಿಗೆ ತಂದು ಮಾರುವುದು ಗಿರಾಕಿಗೆ ಮಾಡುವ ಮೋಸ ಅಂತಲೇ ನಾನು ಹೇಳುತ್ತೀನಿ.

ಬುಟ್ಟಿ ದೊಡ್ಡದಿರಲಿ, ಎರೆ ಮಣ್ಣು ಬೇಡ

ಸಣ್ಣ ಬುಟ್ಟಿ ಅಗ್ಗ ಅಂತ 6 ಇಂಚಿನದ್ದೇ ಹೆಚ್ಚು ಮಾರಾಟ ಆಗುತ್ತೆ. ಲೆಕ್ಕ ಹಾಕಿ ನೋಡ್ರಿ. ಅರ್ಧ ಗೋಳದ ಆಕಾರದ 6 ಇಂಚಿನ ಬುಟ್ಟಿಯಲ್ಲಿ ಒಂದು ಲೀಟರಿಗೂ ಕಡಿಮೆ ಮಣ್ಣು ಹಿಡಿಯುತ್ತೆ. 12 ಇಂಚಿನದರಲ್ಲಿ ಸುಮಾರು 7 ಲೀಟರ್. ಅಗಲ ಎರಡು ಪಟ್ಟು, ಒಳಗಿನ ಮಣ್ಣು ಎಂಟು ಪಟ್ಟು. ಬಿಸಿಲಿಗೆ ತೆರೆದ ಮೇಲ್ಮೈ ಮಾತ್ರ ನಾಲ್ಕೇ ಪಟ್ಟು. ಅಂದ್ರೆ ದೊಡ್ಡ ಬುಟ್ಟಿ ನಿಧಾನವಾಗಿ ಒಣಗುತ್ತೆ. ನಮ್ಮ ಮೇ ತಿಂಗಳಲ್ಲಿ 6 ಇಂಚಿನ ಬುಟ್ಟಿಗೆ ಬೆಳಗ್ಗೆ ನೀರು ಹಾಕಿದ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ. 12 ಇಂಚಿಗಿಂತ ಸಣ್ಣದನ್ನು ಬೇಸಿಗೆಗೆ ಮಾರಲೇಬಾರದು ಅನ್ನೋದು ನನ್ನ ಪಟ್ಟು.

ಎರೆ ಮಣ್ಣು ಹತ್ತಿ, ಜೋಳಕ್ಕೆ ಬಂಗಾರ. ಬುಟ್ಟಿಗೆ ಆಗಲ್ಲ. ಅದರ ಜೇಡಿ ನೀರು ಕುಡಿದಾಗ ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಬೇಸಿಗೆಯಲ್ಲಿ ಹೊಲ ಬಿರುಕು ಬಿಡೋದು ನೀವೇ ನೋಡುತ್ತೀರಿ. ಬುಟ್ಟಿಯಲ್ಲೂ ಹಾಗೇ ಮಣ್ಣು ಅಂಚು ಬಿಟ್ಟು ಒಳಗೆ ಸರಿಯುತ್ತೆ. ಆಮೇಲೆ ಹಾಕಿದ ನೀರೆಲ್ಲ ಆ ಸಂದಿಯಿಂದ ಕೆಳಗೆ ಸುರಿದು ಹೋಗುತ್ತೆ, ಬೇರಿಗೆ ಒಂದು ಹನಿ ಸಿಗಲ್ಲ. ಮೇಲಾಗಿ ಎರೆ ಮಣ್ಣಿನಲ್ಲಿ ಕ್ಷಾರ ಜಾಸ್ತಿ, ಪಿಟೂನಿಯಾಕ್ಕೆ ಕಬ್ಬಿಣಾಂಶ ಸಿಗದೆ ಎಳೆ ಎಲೆ ಹಳದಿಯಾಗುತ್ತೆ. ಭಾರ ಬೇರೆ. 7 ಲೀಟರ್ ಒದ್ದೆ ಎರೆ ಮಣ್ಣು 12 ಕಿಲೋ ಮುಟ್ಟುತ್ತೆ, ಕೊಂಡಿ ಕಿತ್ತು ತಲೆ ಮೇಲೆ ಬಿದ್ರೆ ಗತಿ ಏನು?

ಮಿಶ್ರಣ ಅಳತೆಯಲ್ಲಿ ಹೀಗಿರಲಿ:

– ತೊಳೆದ ಕೋಕೋಪೀಟ್ 2 ಪಾಲು
– ಎರೆಹುಳು ಗೊಬ್ಬರ 1 ಪಾಲು
– ಅರೆಸುಟ್ಟ ಭತ್ತದ ಹೊಟ್ಟು 1 ಪಾಲು
– ಬುಟ್ಟಿಗೆ ಒಂದು ಮುಷ್ಟಿ ಬೇವಿನ ಹಿಂಡಿ

ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ನೀರು ಬರುವ ಶಹಾಪುರ, ಸುರಪುರ ಕಡೆ ಭತ್ತ ಇದೆ, ರೈಸ್ ಮಿಲ್ ಇವೆ. ಹೊಟ್ಟಿಗೆ ಬರವಿಲ್ಲ. ಪೂರ್ತಿ ಬೂದಿ ಆಗುವಷ್ಟು ಸುಡಬೇಡ್ರಿ, ಬೂದಿ ಕ್ಷಾರ ಹೆಚ್ಚಿಸುತ್ತೆ. ಕಪ್ಪಾದ ಕೂಡಲೇ ನೀರು ಚಿಮುಕಿಸಿ ಆರಿಸಿ. ಕೋಕೋಪೀಟಿನ 5 ಕಿಲೋ ಇಟ್ಟಿಗೆ ನೆನೆಸಿದ್ರೆ 60 ಲೀಟರಿನಷ್ಟು ಉಬ್ಬುತ್ತೆ, 12 ಇಂಚಿನ 17 ಬುಟ್ಟಿಗೆ ಸಾಕು. ಎರಡು ಸಲ ಒಳ್ಳೆ ನೀರಲ್ಲಿ ತೊಳೆದು ಹಿಂಡಿ, ಇಲ್ಲಾಂದ್ರೆ ಅದರ ಉಪ್ಪು ಎಲೆ ಅಂಚನ್ನು ಸುಡುತ್ತೆ. ಹೆಸರಘಟ್ಟದ ಐಐಎಚ್‌ಆರ್ ಸಂಸ್ಥೆಯ ಅರ್ಕಾ ಹುದುಗು ಕೋಕೋಪೀಟ್ ಸಿಕ್ರೆ ಸಸಿ ಟ್ರೇಗೆ ಇನ್ನೂ ಅನುಕೂಲ.

ತೆಂಗಿನ ನಾರಿನ ಹಾಸು ಹಾಕಿದ ಕಬ್ಬಿಣದ ಬುಟ್ಟಿ ನೋಡೋಕೆ ಚೆಂದ, ಆದ್ರೆ ನಮ್ಮ ಒಣಗಾಳಿ ನಾಲ್ಕೂ ಕಡೆಯಿಂದ ಅದರ ತೇವ ಹೀರುತ್ತೆ. ನಾರಿನ ಒಳಗೆ ಹಳೆ ಗೊಬ್ಬರದ ಚೀಲ ತೊಳೆದು ಹಾಸಿ, ತಳದಲ್ಲಿ ನಾಲ್ಕಾರು ತೂತು ಮಾಡಿ. ಇದೇ ಉಪಾಯದಲ್ಲಿ ಮೇದಾರರು ಹೆಣೆದ ಬಿದಿರು ಬುಟ್ಟಿಯೂ ನಡೆಯುತ್ತೆ. ಬಹಳ ವರ್ಷ ಬಾಳಲ್ಲ, ಆದ್ರೆ ಊರ ದುಡ್ಡು ಊರಲ್ಲೇ ಉಳಿಯುತ್ತೆ.

ನೀರಿನ ಲೆಕ್ಕ ಮೊದಲು

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಏಪ್ರಿಲ್-ಮೇನಲ್ಲಿ ತುಂಬಿದ 12 ಇಂಚಿನ ಬುಟ್ಟಿ ನನ್ನ ಲೆಕ್ಕದಲ್ಲಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ನೀರು ಕುಡಿಯುತ್ತೆ. ಟೇಬಲ್ ರೋಸ್ ಆದ್ರೆ ಅದಕ್ಕಿಂತ ಕಡಿಮೆಗೂ ತಡೆದುಕೊಳ್ಳುತ್ತೆ. ಹತ್ತು ಬುಟ್ಟಿ ಅಂದ್ರೆ ದಿನಕ್ಕೊಂದು ಕೊಡ. ಕಾಲುವೆ ಬಂದ್ ಆಗಿ, ನಳದ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಊರಲ್ಲಿ ಆ ಕೊಡ ಹೊರೋರು ಯಾರು? ನಮ್ಮ ತಾಯಂದಿರು, ಅಕ್ಕ-ತಂಗಿಯರು. ಫೋಟೋ ಹಾಕಿ ಲೈಕ್ ತಗೊಳ್ಳೋದು ನಾವು, ನೀರು ಹೊರೋದು ಅವರು ಅಂದ್ರೆ ಆ ಬುಟ್ಟಿ ಬೇಡವೇ ಬೇಡ.

ಅದಕ್ಕೆ ನನ್ನ ನಿಯಮ: ಅಡುಗೆಮನೆಯಲ್ಲಿ ದಿನಾ ಉಳಿಯುವ ಒಳ್ಳೆ ನೀರು ಎಷ್ಟು ಅಂತ ಒಂದು ವಾರ ಬಕೆಟ್ಟಿನಲ್ಲಿ ಹಿಡಿದು ಅಳೆಯಿರಿ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ನಡೆಯುತ್ತೆ. ಅಷ್ಟು ನೀರಿಗೆ ಎಷ್ಟು ಬುಟ್ಟಿ ಆಗುತ್ತೋ ಬೇಸಿಗೆಗೆ ಅಷ್ಟೇ ಬುಟ್ಟಿ. ಆರು ಲೀಟರ್ ಉಳಿದ್ರೆ ನಾಲ್ಕೈದು ಬುಟ್ಟಿ, ಮುಗೀತು.

ಯಾವ ನೀರು ಆಗಲ್ಲ ಅನ್ನೋದೂ ಗೊತ್ತಿರಲಿ. ಶುದ್ಧ ನೀರಿನ ಘಟಕದಿಂದ ಹೊರಬೀಳುವ ವೇಸ್ಟ್ ನೀರು ಪುಕ್ಕಟೆ ಸಿಗುತ್ತೆ ಅಂತ ಹಾಕಬೇಡ್ರಿ. ಶುದ್ಧ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತೆ. ಕೂಲರ್ ತೊಟ್ಟಿಯ ತಳದ ನೀರೂ ಹಾಗೇ, ಆರಿ ಆರಿ ಉಪ್ಪು ಗಟ್ಟಿಯಾಗಿರುತ್ತೆ. ಸಾಬೂನು ನೀರಂತೂ ದೂರವೇ ಇರಲಿ. ಎಸಿಯಿಂದ ತೊಟ್ಟಿಕ್ಕುವ ನೀರು ಮಾತ್ರ ಉಪ್ಪಿಲ್ಲದ್ದು, ಅಂಗಡಿ, ಬ್ಯಾಂಕುಗಳಲ್ಲಿ ಬುಟ್ಟಿ ಇಟ್ಟವರಿಗೆ ಅದು ಚೆನ್ನಾಗಿ ಒದಗುತ್ತೆ. ಬೋರಿನ ಗಡಸು ನೀರೊಂದೇ ಗತಿ ಆದ್ರೆ, ಮಳೆಗಾಲದಲ್ಲಿ ಒಂದೆರಡು ಸಲ ಬುಟ್ಟಿಯನ್ನು ಬಯಲಿಗೆ ತಂದು ಮಳೆಯಲ್ಲಿ ನೆನೆಯಲು ಬಿಡಿ. ಬಿಳಿ ಉಪ್ಪು ತೊಳೆದು ಹೋಗುತ್ತೆ.

ನೀರು ಹಾಕುವ ಹೊತ್ತು ಬೆಳಗ್ಗೆ 8ರೊಳಗೆ. ಬುಟ್ಟಿಯನ್ನು ಕೈಯಿಂದ ಸ್ವಲ್ಪ ಎತ್ತಿ ನೋಡಿ. ಹಗುರ ಇದ್ರೆ ನೀರು, ಭಾರ ಇದ್ರೆ ಬೇಡ. ಪೂರ್ತಿ ಒಣಗಿದ ಕೋಕೋಪೀಟ್ ಮೇಲಿಂದ ಹೊಯ್ದ ನೀರನ್ನು ಹಿಡಿಯಲ್ಲ, ಅಂಥ ಬುಟ್ಟಿಯನ್ನು ಬಕೆಟ್ಟಿನಲ್ಲಿ ಅರ್ಧ ತಾಸು ಅದ್ದಿಡಿ. ಡ್ರಿಪ್ ಗೊತ್ತಿರುವವರು ಎತ್ತರಕ್ಕೆ ಒಂದು ಕ್ಯಾನ್ ಇಟ್ಟು, ಬುಟ್ಟಿಗೊಂದು ಸಣ್ಣ ಪೈಪು ಎಳೆಯಬಹುದು. ತಾಸಿಗೆ 2 ಲೀಟರಿನ ಡ್ರಿಪ್ಪರ್ ಅರ್ಧ ತಾಸಿಗೆ ಒಂದು ಲೀಟರ್ ಕೊಡಬೇಕು. ಕ್ಯಾನಿನ ಎತ್ತರಕ್ಕೆ ಒತ್ತಡ ಕಡಿಮೆ, ಮೊದಲ ದಿನ ಬಾಟಲಿ ಹಿಡಿದು ಅಳೆದುಕೊಳ್ಳಿ. ಆಸ್ಪತ್ರೆಯಲ್ಲಿ ಬಳಸಿದ ಸಲೈನ್ ಪೈಪು ತಂದು ಕಟ್ಟುವ ವಿಡಿಯೋಗಳನ್ನು ಅನುಸರಿಸಬೇಡ್ರಿ, ಅದು ರೋಗ ಹರಡುವ ಕಸ.

ಜಾಗ ಮೂಡಣ ದಿಕ್ಕಿನದ್ದಾದ್ರೆ ಉತ್ತಮ, ಬೆಳಗಿನ ಬಿಸಿಲು ಸಿಕ್ಕು ಮಧ್ಯಾಹ್ನದ ಝಳ ತಪ್ಪುತ್ತೆ. ಟೇಬಲ್ ರೋಸ್‌ಗೆ ಮಾತ್ರ ತೆಂಕಣ ಬಯಲು ಜಾಗ ಕೊಡಿ. ತಗಡಿನ ಚಪ್ಪರಕ್ಕೆ ಹತ್ತಿಸಿ ಕಟ್ಟಬೇಡ್ರಿ, ಎರಡು ಅಡಿಯಾದ್ರೂ ಕೆಳಗೆ ಇಳಿಬಿಡಿ. ಜೂನ್-ಜುಲೈ ಗಾಳಿಗೆ ಬುಟ್ಟಿ ಗೋಡೆಗೆ ಬಡಿಯದಷ್ಟು ಅಂತರ ಇರಲಿ.

ಜೀವಾಮೃತ ಒಂದೇ ಸಾಲದು

ನಾನೂ ಸಾವಯವ ಬೆಳೆಗಾರನೇ. ಆದ್ರೂ ಹೇಳುತ್ತೀನಿ, ಹೊಲದ ಲೆಕ್ಕವನ್ನು ಬುಟ್ಟಿಗೆ ತರಬೇಡ್ರಿ. ಜೀವಾಮೃತ ಮಣ್ಣಿನ ಜೀವಿಗಳನ್ನು ಎಬ್ಬಿಸಿ, ಮಣ್ಣಲ್ಲಿ ಇರುವ ಪೋಷಕಾಂಶವನ್ನು ಬೇರಿಗೆ ಒದಗಿಸುತ್ತೆ. ಕೋಕೋಪೀಟಿನಲ್ಲಿ ಆ ಮಣ್ಣೇ ಇಲ್ಲ, ಹೊಟ್ಟೆಗೇ ಏನೂ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ ಎರಡು ಮುಷ್ಟಿ ಎರೆಹುಳು ಗೊಬ್ಬರ ಮೇಲೆ ಹಾಕಿ ಕೆದಕಿ. 10-15 ದಿನಕ್ಕೊಮ್ಮೆ ಸೋಸಿದ ಜೀವಾಮೃತ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಕೊಡಿ. ಪಂಚಗವ್ಯ ಆದ್ರೆ 10 ಲೀಟರ್ ನೀರಿಗೆ 300 ಮಿಲಿ. ಟೇಬಲ್ ರೋಸ್‌ಗೆ ಇದರಲ್ಲಿ ಅರ್ಧ ಸಾಕು, ಗೊಬ್ಬರ ಹೆಚ್ಚಾದ್ರೆ ಬರೀ ತಪ್ಪಲ ಬೆಳೆಯುತ್ತೆ.

ಕೀಟದ ವಿಷಯದಲ್ಲಿ ನಮ್ಮ ಸುತ್ತಲಿನ ಹೊಲಗಳನ್ನು ಮರೆಯಬೇಡ್ರಿ. 2021-22ರಲ್ಲಿ ಮೆಣಸಿನಕಾಯಿ ಹೂವಿಗೆ ಬಿದ್ದ ಕಪ್ಪು ಥ್ರಿಪ್ಸ್ ನೆನಪಿದೆಯಲ್ಲ? ಅದು ಅಲಂಕಾರಿಕ ಹೂಗಳಲ್ಲೂ ಕೂರುತ್ತೆ. ಮೆಣಸಿನಕಾಯಿ ಹೊಲದ ಬದಿಯಲ್ಲಿ ನರ್ಸರಿ ಮಾಡಿದವರು ನೀಲಿ ಅಂಟುಪಟ್ಟಿ ತೂಗುಹಾಕಿ, ಬಾಡಿದ ಹೂ ದಿನಾ ಕಿತ್ತು ದೂರ ಹಾಕಿ. ಹಿಟ್ಟು ತಿಗಣೆ ಕಂಡ್ರೆ ಆ ಕಡ್ಡಿಯನ್ನೇ ಕತ್ತರಿಸಿ, ಉಳಿದದ್ದಕ್ಕೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸಾಬೂನು ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ. ಗುರುತು ಸಿಗದಿದ್ರೆ ಫೋಟೋ ತೆಗೆದು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಭೀಮರಾಯನಗುಡಿ ಕೃಷಿ ಕಾಲೇಜಿಗೋ ಹೋಗಿ ತೋರಿಸಿ. ಅಂಗಡಿಯವರು ಕೊಟ್ಟ ಔಷಧ ತಂದು ಮನೆ ಬಾಗಿಲಲ್ಲಿ ಹೊಡೆಯಬೇಡ್ರಿ, ಅಲ್ಲಿ ಮಕ್ಕಳು ಆಡುತ್ತಿರುತ್ತಾರೆ.

ಮಾರುವವರಿಗೆ ಒಂದು ಮಾತು

"ಹೊರಗಿಂದ ಹೂ ತುಂಬಿದ ಬುಟ್ಟಿ ತಂದು ಮಾರಿದ್ರೆ ವಾರದಲ್ಲಿ ದುಡ್ಡು, ನೀವು ಹೇಳೋದಕ್ಕೆ ಮೂರು ತಿಂಗಳು ಬೇಕು" ಅಂತ ಕೆಲವು ಗೆಳೆಯರು ವಾದ ಮಾಡುತ್ತಾರೆ. ನಿಜ, ವಾರದಲ್ಲಿ ದುಡ್ಡು ಬರುತ್ತೆ. ಆದ್ರೆ ಸಣ್ಣ ಊರಲ್ಲಿ ಗಿರಾಕಿ ಎಷ್ಟು ಜನ? ಗಿಡ ಸತ್ತ ಮನೆ ಮತ್ತೆ ಬರಲ್ಲ, ಪಕ್ಕದ ಮನೆಗೂ "ಆಗಂಗಿಲ್ರೀ" ಅಂತ ಹೇಳಿಬಿಡುತ್ತೆ. ಆ ಒಂದು ಮಾತಿನಿಂದ ಮುಂದಿನ ವರ್ಷ ಸಸಿ ಬೆಳೆಸಿ ಕೂತ ಹುಡುಗನಿಗೂ ವ್ಯಾಪಾರ ಇಲ್ಲ.

ನಾನು ಹೇಳುವ ದಾರಿ ಇದು. ಬುಟ್ಟಿಯನ್ನು ಒಮ್ಮೆ ಮಾರಿ, ಗಿಡವನ್ನು ವರ್ಷಕ್ಕೆ ಎರಡು ಸಲ ಮಾರಿ. ಮಾರುವಾಗಲೇ ಬುಟ್ಟಿಗೆ ಒಂದು ಚೀಟಿ ಕಟ್ಟಿ: ಗಿಡದ ಹೆಸರು, ಎಷ್ಟು ತಾಸು ಬಿಸಿಲು, ದಿನಕ್ಕೆ ಎಷ್ಟು ನೀರು, ಯಾವ ಹಬ್ಬದವರೆಗೆ ಬಾಳುತ್ತೆ. "ಹೋಳಿಗೆ ಮುಗಿಯುತ್ತೆ, ಯುಗಾದಿಗೆ ಬುಟ್ಟಿ ತಗೊಂಡು ಬನ್ನಿ, ಹೊಸ ಗಿಡ ಹಚ್ಚಿಕೊಡುತ್ತೀನಿ" ಅಂತ ಬಾಯಲ್ಲೂ ಹೇಳಿ. ಗಿಡ ಒಂದು ದಿನ ಮುಗಿಯುತ್ತೆ ಅಂತ ಮೊದಲೇ ಹೇಳಿದವನ ಮೇಲೆ ಗಿರಾಕಿಗೆ ಸಿಟ್ಟು ಬರಲ್ಲ. ಹಳೆ ಮಿಶ್ರಣವನ್ನು ಕಾಂಪೋಸ್ಟ್ ಗುಂಡಿಗೆ ಹಾಕಿ, ಹೊಸದು ತುಂಬಿ, ಗಿಡದ ದುಡ್ಡು, ಕೂಲಿಯ ದುಡ್ಡು ತಗೊಳ್ಳಿ. ವರ್ಷಕ್ಕೆ ಎರಡು ಸಲ ಅದೇ ಮನೆ ನಿಮ್ಮ ಹತ್ತಿರ ಬರುತ್ತೆ.

ಸಾಲ ಮಾಡಿ 500 ಬುಟ್ಟಿಯಿಂದ ಶುರು ಮಾಡಬೇಡ್ರಿ. ಮೊದಲ ವರ್ಷ 20 ಬುಟ್ಟಿ. ಬುಟ್ಟಿ, ಕೋಕೋಪೀಟ್, ಗೊಬ್ಬರ, ಬೀಜ, ಸರಪಳಿ, ನಿಮ್ಮ ದಿನಗೂಲಿ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ದಿನಗೂಲಿ ಬರೆಯದೆ "ಲಾಭ ಆಯ್ತು" ಅನ್ನೋದು ನಮ್ಮ ರೈತರ ಹಳೆ ರೂಢಿ. 20ರಲ್ಲಿ 15 ಬುಟ್ಟಿ ಮೂರು ತಿಂಗಳಾದ ಮೇಲೂ ಗಿರಾಕಿ ಮನೆಯಲ್ಲಿ ಜೀವಂತ ಇದ್ರೆ ಮಾತ್ರ ಮುಂದಿನ ಹಂಗಾಮಿಗೆ 40 ಮಾಡಿ. ಎಷ್ಟು ಮಾರಾಟ ಆಯ್ತು ಅನ್ನೋದಕ್ಕಿಂತ ಎಷ್ಟು ಬದುಕಿದವು ಅನ್ನೋದನ್ನು ಫೋನ್ ಮಾಡಿ ಕೇಳಿ ಬರೆದಿಡಿ.

ಶುರು ಮಾಡೋಕೆ ಟೇಬಲ್ ರೋಸ್ ಸಾಕು. ಪರಿಚಯದವರ ಮನೆಯಲ್ಲಿ ಒಂದೆರಡು ಬಣ್ಣದ ಗಿಡ ಇದ್ದೇ ಇರುತ್ತೆ, ನಾಲ್ಕು ಕಡ್ಡಿ ಕೇಳಿ ತಂದು ಒಂದು ಹಳೆ ಬುಟ್ಟಿಗೆ ಚುಚ್ಚಿ. ಅದೇ ನಿಮ್ಮ ತಾಯಿಗಿಡ. ಮುಂದಿನ ಶಿವರಾತ್ರಿಗೆ ಅದರಿಂದಲೇ 20 ಬುಟ್ಟಿಗೆ ಆಗುವಷ್ಟು ಕಡ್ಡಿ ಸಿಗುತ್ತೆ. ಪಿಟೂನಿಯಾ ಬೀಜದ ಮಾತು ಗಣೇಶನ ಹಬ್ಬದ ಹೊತ್ತಿಗೆ ನೋಡೋಣ.